ಸೊಸೆಯರಿಗಷ್ಟೇ ಬರುವ ನೋವು

ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಬಲೆ, ಬಲೆಯಿದ್ದಲ್ಲಿ ಗಂಟು, ಗಂಟು ಹಾಕುವ ಕೈಗಳಿದ್ದಲ್ಲಿ ಮಾತು. ಅಂಥ ಮಾತುಗಳ ನಡುವೆ ಹುಟ್ಟಿ, ಬಾಯಿಂದ ಬಾಯಿಗೆ ದಾಟಿ ಬಂದ ಕಥೆಯಿದು. ಕೇಳುವವರು ಕೈಕೆಲಸ ಬಿಡಬೇಕಾಗಿಲ್ಲ. ಕಿವಿ ಇತ್ತ ಕೊಟ್ಟರೆ ಸಾಕು.

ನೀರಿನಂಚಿನ ಓಣಿಯೊಂದರಲ್ಲಿ ಬಲೆ ಹೆಣೆಯುವವರ ಮನೆಯೊಂದಿತ್ತು. ಮನೆಯ ಮುಂದಿನ ಉದ್ದನೆಯ ಚಪ್ಪರವೇ ಅವರ ಕೆಲಸದ ಜಾಗ. ಕಂಬದಿಂದ ಕಂಬಕ್ಕೆ ಬಿಗಿದ ಹಗ್ಗ, ಹಗ್ಗಕ್ಕೆ ಇಳಿಬಿದ್ದ ಬಲೆ, ಬಲೆಯ ಬುಡದಲ್ಲಿ ಮೂರು ಮಣೆ. ಮೊದಲನೆಯದು ಅತ್ತೆಯದು, ಎರಡನೆಯದು ಹಿರಿಸೊಸೆಯದು. ಮೂರನೆಯ ಮಣೆಗೆ ಆ ವರ್ಷವಷ್ಟೇ ಕಿರಿಸೊಸೆ ಬಂದು ಕೂತಿದ್ದಳು.

ಬಲೆ ನೀರಿನಲ್ಲಿ ಮುಳುಗಬೇಕಾದರೆ ಅದರ ಅಂಚಿಗೆ ಭಾರ ಬೇಕಲ್ಲವೇ? ಆ ಭಾರ ಸೀಸದ ಮಣಿಗಳದು. ಬಟಾಣಿಯಷ್ಟು ದಪ್ಪದ, ನಡುವೆ ಸೀಳಿರುವ ಮಣಿ. ಸೀಳಿನೊಳಗೆ ಹಗ್ಗವಿಟ್ಟು ಅದುಮಿದರೆ ಅದು ಬಾಯಿ ಮುಚ್ಚಿ ಕೂರುತ್ತದೆ. ಓಣಿಯ ಬೇರೆ ಮನೆಗಳಲ್ಲಿ ಅದನ್ನು ಇಕ್ಕಳದಿಂದ ಅದುಮುತ್ತಿದ್ದರು. ಈ ಮನೆಯಲ್ಲಿ ಮಾತ್ರ ಹಲ್ಲಿನಿಂದ ಕಚ್ಚುತ್ತಿದ್ದರು. “ಇಕ್ಕಳ ಹಗ್ಗಕ್ಕೆ ಗಾಯ ಮಾಡುತ್ತೆ; ಹಲ್ಲಿಗೆ ಹಗ್ಗದ ಮರ್ಮ ಗೊತ್ತು” ಎಂಬುದು ಮನೆಯ ಹೆಮ್ಮೆ. ಕಚ್ಚುವ ಹಕ್ಕು ಸೊಸೆಯರಿಗೆ ಮಾತ್ರ. ಮಗಳ ಹಲ್ಲು ಇನ್ನೊಂದು ಮನೆಗೆ ಹೋಗುವ ಹಲ್ಲು, ಸೊಸೆಯ ಹಲ್ಲು ಇಲ್ಲೇ ಉಳಿಯುವ ಹಲ್ಲು ಎಂದು ಯಾವ ಕಾಲದ ಯಾವ ಅಜ್ಜಿ ತೀರ್ಮಾನಿಸಿದಳೋ, ಅದು ಹಾಗೆಯೇ ನಡೆದುಬಂದಿತ್ತು.

ಕೆನ್ನೆಯೊಳಗೆ ಹತ್ತು ಮಣಿ ತುಂಬಿಕೊಳ್ಳುವುದು, ನಾಲಿಗೆಯಿಂದ ಒಂದೊಂದನ್ನೇ ಮುಂದೆ ತಳ್ಳುವುದು, ಕಚ್ಚುವುದು, ಮುಂದಿನ ಗೇಣಿಗೆ ಸರಿಯುವುದು. ಮನೆಯ ಗಂಡಸರಿಗೆ ಇದೊಂದು ನಗೆಯ ವಸ್ತು. “ನಮ್ಮನೇಲಿ ಅತ್ತೆ-ಸೊಸೆ ಜಗಳ ಯಾಕಿಲ್ಲ ಗೊತ್ತಾ? ಬಾಯಲ್ಲಿ ಸೀಸ ಇರೋಳು ಎದುರುತ್ತರ ಕೊಡೋದು ಹೇಗೆ!” ಎನ್ನುತ್ತಿದ್ದರು.

ಹಿರಿಸೊಸೆ ಅದಕ್ಕೂ ಮಣಿ ಉಗುಳಿ ಉತ್ತರ ಕೊಡುವ ಜಾತಿಯವಳು. ಹದಿನೈದು ವರ್ಷ ಆ ಮಣೆಯ ಮೇಲೆ ಕೂತವಳು. ಅವಳ ಗಂಟು ಬಿಚ್ಚಿದ್ದನ್ನು ಕಂಡವರಿಲ್ಲ, ಅವಳ ಮಾತಿಗೆ ನಗದವರಿಲ್ಲ.

ಅಂಥವಳನ್ನು ನೋವು ಹಿಡಿಯಿತು. ಮೊದಮೊದಲು ಮೊಣಕಾಲು, ಮೊಣಕೈ, ಹೆಗಲು. ಆಮೇಲೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತೆ. ತಲೆ ಭಾರ. ಮಲಬದ್ಧತೆ. ಬಾಯಿಗೆ ಯಾವುದೂ ರುಚಿಸದು, ಮಾತೆತ್ತಿದರೆ ಸಿಟ್ಟು. ಬಲಗೈ ಬೆರಳುಗಳಲ್ಲಿ ಇರುವೆ ಹರಿದಾಟ. ಮೂರು ವರ್ಷ ಎಣ್ಣೆ ತಿಕ್ಕಿದ್ದಾಯಿತು, ಬಿಸಿ ಶಾಖ ಕೊಟ್ಟದ್ದಾಯಿತು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ಪೆಪ್ಪರಮೆಂಟಿನಂತೆ ನುಂಗಿದ್ದೂ ಆಯಿತು. ಗಂಡ ಒಮ್ಮೆ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದ. ಬಂದು ಚಪ್ಪರದ ಕೆಳಗೆ ಎಲ್ಲರಿಗೂ ಕೇಳುವಂತೆ ಹೇಳಿದ: “ಏನೂ ಇಲ್ವಂತೆ!”

ಪಾಪ, ಅವನು ಹೇಳಿದ್ದು ಸಂತೋಷದಿಂದ. ಆದರೆ ಅಂದಿನಿಂದ ಅವಳ ನೋವಿಗೆ ಬೆಲೆ ಇಲ್ಲವಾಯಿತು.

ಅದರ ಮೇಲೆ ಇನ್ನೊಂದು ಸಂಗತಿ ನಡೆಯಿತು. ತಂಗಿಯ ಹೆರಿಗೆಗೆಂದು ಅವಳು ತವರಿಗೆ ಹೋಗಿ ಎರಡು ತಿಂಗಳು ನಿಂತಳು. ಕೆಲವರು ಒಂದೂವರೆ ತಿಂಗಳು ಎನ್ನುತ್ತಾರೆ; ಅವಳ ಬಾಯಿಂದಲೇ ಕೇಳಿದವರು ಎರಡು ಎಂದಿದ್ದಾರೆ. ಅಲ್ಲಿ ಹೊಟ್ಟೆಯ ಹಿಂಡಾಟ ನಿಂತಿತು, ನಿದ್ದೆ ಬಂತು. ತಿರುಗಿ ಬಂದು ಮಣೆಯ ಮೇಲೆ ಕೂತ ಕೆಲವೇ ವಾರಗಳಲ್ಲಿ ಎಲ್ಲವೂ ಮೊದಲಿನಂತೆಯೇ.

ಅತ್ತೆಗೆ ಅಷ್ಟು ಸಾಕಾಯಿತು. “ತವರಿನ ನೀರು ಕುಡಿದ್ರೆ ವಾಸಿ ಆಗೋ ರೋಗಕ್ಕೆ ಡಾಕ್ಟರ್ ಯಾಕಮ್ಮ? ಕೆಲಸ ಕಂಡ್ರೆ ಬರೋ ನೋವಿಗೆ ನಮ್ಮ ಕಾಲದಲ್ಲಿ ಸೋಮಾರಿತನ ಅಂತಿದ್ರು.”

“ಅತ್ತೆ, ಸೋಮಾರಿತನಕ್ಕೆ ಇಷ್ಟು ನೋವಾಗೋದಾದ್ರೆ ಜನ ಖುಷಿಯಿಂದ ದುಡಿಯೋರು” ಎಂದು ಹಿರಿಸೊಸೆ ನಕ್ಕಳು. ನಕ್ಕಳು ನಿಜ, ಆದರೆ ಅಂದು ಬಾಯಲ್ಲಿ ಮಣಿ ತುಂಬಿಕೊಂಡವಳು ಸಂಜೆಯವರೆಗೆ ಉಗುಳಲಿಲ್ಲ.

ಕೆಲವು ವಾರಗಳಿಂದ ಅವಳ ಬಲಗೈ ಮೆಲ್ಲಗೆ ಕುಂದುತ್ತ ಬಂದಿತ್ತು. ಒಂದು ಬೆಳಗ್ಗೆ ಅವಳು ಗಂಡನಿಗೆ ನೀರಿನ ಲೋಟ ಕೊಡಲು ಹೋದಳು. ಕೈ ಮುಂದೆ ಚಾಚಿತು, ಮಣಿಕಟ್ಟು ಮಾತ್ರ ಬಾಡಿದ ಹೂವಿನ ತೊಟ್ಟಿನಂತೆ ಕೆಳಗೆ ಬಿತ್ತು. ಲೋಟ ಉರುಳಿ ನೀರೆಲ್ಲ ನೆಲದ ಪಾಲಾಯಿತು. ಎತ್ತಲು ನೋಡಿದಳು, ಮಣಿಕಟ್ಟು ಏಳಲಿಲ್ಲ. ಗಂಟು ಹಾಕುವ ಕೈ ಅದು. ಆ ಕೈ ಹೋದರೆ ಅವಳ ಬಳಿ ಉಳಿಯುವುದು ಮಾತೊಂದೇ. ಮಾತಿನಿಂದ ಬಲೆ ಹೆಣೆಯಲಾದೀತೇ?

ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆ ಕೈಯನ್ನೇ ನೋಡಿ, ತಗ್ಗಿದ ದನಿಯಲ್ಲಿ ಅಂದಳು: “ಜೋಲುಗೈ. ಬಂತು ನೋಡು, ಈ ಮನೆ ರಕ್ತದಲ್ಲೇ ಇದೆ ಅದು. ನಮ್ಮತ್ತೆಗೂ ಬಂದಿತ್ತು. ನಾಳೆಯಿಂದ ನೀನು ಮಣೆ ಬಿಡು. ಮಣಿ ಕಚ್ಚೋದನ್ನ ಕಿರಿಯೋಳು ಕಲೀಲಿ.”

ಕಿರಿಸೊಸೆ ಆ ಮಧ್ಯಾಹ್ನವೇ ಕೆನ್ನೆಗೆ ಹತ್ತು ಮಣಿ ತುಂಬಿಕೊಂಡು ಮೂಲೆಯಲ್ಲಿ ಅಭ್ಯಾಸಕ್ಕೆ ಕೂತಳು.

ಸೈಕಲ್ ದಾದಿ ಬಂದದ್ದು ಆ ಹೊತ್ತಿಗೇ. ಆಕೆ ಓಣಿ ಓಣಿ ಸುತ್ತಿ ಮಕ್ಕಳ ಲಸಿಕೆ, ಬಸುರಿಯರ ತೂಕ ವಿಚಾರಿಸುವ ಸರ್ಕಾರಿ ದಾದಿ. ಅವಳ ಸೈಕಲ್ಲಿಗೆ ಗಂಟೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎರಡು ಓಣಿ ಆಚೆಯಿಂದಲೇ ಅದರ ಕಿರಗುಟ್ಟುವಿಕೆ ಕೇಳುತ್ತಿತ್ತು.

“ಏನಕ್ಕ, ಮಾತಿನ ಮಳೆ ಸುರಿಸೋಳು ಇವತ್ತು ಮೋಡ ಕಟ್ಟಿದ್ದೀಯ?” ಎಂದವಳ ಕಣ್ಣು ಹಿರಿಸೊಸೆಯ ಮಡಿಲಲ್ಲಿ ಮಲಗಿದ್ದ ಕೈಯ ಮೇಲೆ ಬಿತ್ತು. “ಎಲ್ಲಿ, ಓಡೋ ಗಾಡಿ ನಿಲ್ಲಿಸೋ ಹಾಗೆ ಎರಡೂ ಕೈ ಮುಂದೆ ಹಿಡಿ ನೋಡೋಣ.”

ಎಡಗೈ ನಿಂತಿತು. ಬಲಗೈ ಜೋತುಬಿತ್ತು.

“ಈ ಕೈಗೆ ಯಾವ ಗಾಡಿನೂ ನಿಲ್ಲಲ್ಲ ದಾದಿ” ಎಂದಳು ಹಿರಿಸೊಸೆ.

ದಾದಿ ನಗಲಿಲ್ಲ. ಇದು ಒಮ್ಮೆಗೇ ಆಯಿತೋ, ಮೆಲ್ಲಗೆ ಬಂತೋ, ಮುಖ ಸೊಟ್ಟಗಾಗಿದೆಯೋ, ಮಾತು ತೊದಲಿತೋ, ಅದೇ ಬದಿಯ ಕಾಲೂ ಸೋತಿದೆಯೋ ಎಂದು ಒಂದರ ಹಿಂದೊಂದು ಕೇಳಿದಳು. ವಾರಗಳಿಂದ ಮೆಲ್ಲಗೆ ಕುಂದುತ್ತ ಬಂದದ್ದು, ಬೇರೇನೂ ಇಲ್ಲ ಎಂದು ಕೇಳಿದ ಮೇಲೆ ಉಸಿರುಬಿಟ್ಟಳು.

“ಒಮ್ಮೆಗೇ ಆಗಿದ್ರೆ ನಾನು ಇಲ್ಲಿ ಕೂತು ಮಾತಾಡ್ತಿರಲಿಲ್ಲ, ಆ ಕ್ಷಣವೇ ಆಸ್ಪತ್ರೆ ದಾರಿ ಹಿಡಿಸ್ತಿದ್ದೆ. ಮುಖ ಸೊಟ್ಟ ಆಗೋದು, ಒಂದು ಬದಿ ಸೋಲೋದು, ಮಾತು ತೊದಲೋದು, ಹಿಂದೆಂದೂ ಕಾಣದಂಥ ತಲೆನೋವು ದಿಢೀರ್ ಅಂತ ಬರೋದು, ಮೂತ್ರ ಮಲ ಹತೋಟಿ ತಪ್ಪೋದು, ಇವಕ್ಕೆಲ್ಲ ಸಂಜೆವರೆಗೆ ನೋಡೋಣ ಅನ್ನಬಾರದು. ಆದ್ರೆ ಇದನ್ನೂ ಬಿಡೋ ಹಾಗಿಲ್ಲ. ನಾಳೆ ಬೆಳಗ್ಗೆ ಡಾಕ್ಟರ ಹತ್ರ ಹೊರಡಿ.”

“ಹೋಗಿದ್ವಲ್ಲ” ಎಂದ ಗಂಡ. “ಎಕ್ಸ್‌ರೇ ತೆಗೆದ್ರು. ಏನೂ ಇಲ್ಲ ಅಂದ್ರು.”

“ಏನೂ ಇಲ್ಲ ಅಂದ್ರೋ, ಎಕ್ಸ್‌ರೇಲಿ ಏನೂ ಕಾಣಲಿಲ್ಲ ಅಂದ್ರೋ?”

ಗಂಡ ತಲೆ ಕೆರೆದುಕೊಂಡ. “ಎರಡೂ ಒಂದೇ ಅಲ್ವಾ?”

“ಅಣ್ಣ, ದೊಡ್ಡ ಕಣ್ಣಿನ ಬಲೆ ಬೀಸಿ ಬೆರಳಷ್ಟು ಮೀನು ಸಿಗಲಿಲ್ಲ ಅಂದ್ರೆ, ನೀರಲ್ಲಿ ಮೀನೇ ಇಲ್ಲ ಅಂತ ಮನೆಗೆ ಬರ್ತೀಯಾ? ಎಕ್ಸ್‌ರೇ ಮೂಳೆ ನೋಡೋ ಬಲೆ. ನರ ಅದರ ಕಣ್ಣಿಂದ ನುಸುಳಿ ಹೋಗುತ್ತೆ. ರಕ್ತಕ್ಕೊಂದು ಬಲೆ, ನರಕ್ಕೊಂದು ಬಲೆ, ಬೇರೆ ಬೇರೆ ಇವೆ.”

ಬಲೆಯ ಮಾತು ಬಂದದ್ದೇ ಅತ್ತೆಯ ಕಿವಿ ನಿಮಿರಿತು. ಆದರೂ ಸೋಲಲು ಮನಸ್ಸಿಲ್ಲ. “ತವರಿಗೆ ಹೋದಾಗ ಗುಣ ಆಯ್ತಲ್ಲ? ಅದಕ್ಕೇನಂತೀಯ?”

“ಅದೇ ಅಜ್ಜಿ, ಅದೇ ದೊಡ್ಡ ಸುಳಿವು! ಜಾಗ ಬಿಟ್ಟಾಗ ಕಡಿಮೆ ಆಗೋ ನೋವು ಸುಳ್ಳು ನೋವಲ್ಲ. ಕಾರಣ ಆ ಜಾಗದಲ್ಲೋ ಆ ಕೆಲಸದಲ್ಲೋ ಕೂತಿರಬಹುದು ಅಂತ ಅದು ಬೆರಳು ಮಾಡಿ ತೋರಿಸ್ತಿದೆ.”

ದಾದಿ ಹಿರಿಸೊಸೆಯ ಬದಿಗೆ ಕೂತು, ಬ್ಯಾಗನ್ನು ಪಕ್ಕಕ್ಕಿಟ್ಟಳು. “ನೋವು ಮನೆಗೆ ಬರೋಕೆ ಒಂದೇ ಬಾಗಿಲಲ್ಲ. ಒಬ್ಬರಿಗೆ ಅಂಗಾಲು ಉರಿ. ಆರು ಜೊತೆ ಚಪ್ಪಲಿ ಬದಲಾಯಿಸಿದ್ರು. ಕೊನೆಗೆ ನೋಡಿದ್ರೆ ಸಕ್ಕರೆ ಕಾಯಿಲೆ. ಇನ್ನೊಬ್ಬರಿಗೆ ಕೈಕಾಲು ಜೋಮು, ನಡೆದ್ರೆ ತೂರಾಟ. ಕುಡಿದಿದ್ದಾರೆ ಅಂತ ಓಣಿಯೆಲ್ಲ ನಕ್ಕಿತು. ಅವರಿಗಿದ್ದದ್ದು ಬಿ-ಹನ್ನೆರಡು ಅನ್ನೋ ವಿಟಮಿನ್ ಕೊರತೆ. ಥೈರಾಯ್ಡ್ ಏರುಪೇರಾದ್ರೂ ಮೈಕೈ ನೋವು ಬರಬಹುದು. ದಿನವಿಡೀ ಒಂದೇ ಥರ ಕೈ ತಿರುಗಿಸಿದ್ರೆ ಮಣಿಕಟ್ಟಲ್ಲಿ ನರ ಅಮುಕಿಕೊಳ್ಳುತ್ತೆ. ಸರ್ಪಸುತ್ತು ವಾಸಿ ಆದ ಮೇಲೂ ಉರಿ ಉಳಿಯಬಹುದು. ಸ್ಪರ್ಶ ಗೊತ್ತಾಗದ ಮಚ್ಚೆ ಇದ್ರೆ ಅದು ಕುಷ್ಠ ಇರಬಹುದು, ಔಷಧಿಗೆ ಪೂರ್ತಿ ಗುಣ ಆಗುತ್ತೆ. ನಾವು ನುಂಗೋ ಕೆಲವು ಮಾತ್ರೆ, ಕುಡಿಯೋ ಹೆಂಡ ಕೂಡ ನರ ಕೆಡಿಸಬಹುದು.”

“ಯಾರಿಗೆ ಚಪ್ಪಲಿ? ಯಾರು ತೂರಾಡಿದ್ದು?” ಅತ್ತೆ ಮುಂದಕ್ಕೆ ಬಾಗಿದಳು.

“ಹೆಸರು ಹೇಳಲ್ಲ ಅಜ್ಜಿ. ನಾಳೆ ನಿಮ್ಮ ಮನೆ ಕಥೆನೂ ಹೀಗೇ, ಹೆಸರಿಲ್ಲದೆ ಹೇಳ್ತೀನಿ.”

“ಎಲ್ಲ ಪರೀಕ್ಷೆ ಮಾಡಿಸಿದ್ರೂ ಏನೂ ಸಿಗಲಿಲ್ಲ ಅಂದ್ರೆ?” ಹಿರಿಸೊಸೆಯ ದನಿ ಸಣ್ಣದಾಗಿತ್ತು. ಮೂರು ವರ್ಷದಿಂದ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಅದೇ.

“ಹಾಗೂ ಆಗುತ್ತಕ್ಕ. ಕೆಲವರ ನರಗಳು ಹೆದರಿದ ಕಾವಲುನಾಯಿ ಥರ, ಎಲೆ ಬಿದ್ರೂ ಬೊಗಳ್ತವೆ. ಕಳ್ಳ ಸಿಗಲಿಲ್ಲ ಅಂತ ನಾಯಿ ಬೊಗಳಿದ್ದು ಸುಳ್ಳಾಗುತ್ತಾ? ನೋವು ನಿಜವೇ. ಅದಕ್ಕೂ ಬೇರೆ ಚಿಕಿತ್ಸೆ ಇದೆ.”

ನೋವು ನಿಜವೇ. ಆ ಎರಡು ಪದಗಳಿಗಾಗಿ ಎಷ್ಟು ಕಾಲದಿಂದ ಕಾದಿದ್ದಳೋ, ಹಿರಿಸೊಸೆ ಮುಖ ತಿರುಗಿಸಿ ಬಲೆಯ ಕಡೆ ನೋಡುತ್ತ ಕೂತಳು.

ಅತ್ತೆ ಮಾತ್ರ ಬಿಡಲಿಲ್ಲ. “ನೀನು ಏನೇ ಹೇಳು, ಇದು ವಂಶದ್ದು. ನಮ್ಮತ್ತೆಗೆ ಜೋಲುಗೈ. ಅವರ ಓರಗಿತ್ತಿ, ನಮ್ಮ ದೊಡ್ಡಮ್ಮ, ಹೊಟ್ಟೆ ಹಿಡ್ಕೊಂಡೇ ಬದುಕಿದ್ದು. ನನಗೂ ಹದಿನೆಂಟು ವರ್ಷ ಹೊಟ್ಟೆ ಹಿಂಡಿತ್ತು. ಈಗ ಇವಳು. ಈ ಮನೆ ರಕ್ತ ಅದು.”

“ಮನೆ ಗಂಡಸರಿಗೆ?”

“ಇಲ್ಲಪ್ಪ. ಎಲ್ಲ ಗುಂಡುಕಲ್ಲು.”

“ಹೆಣ್ಣುಮಕ್ಕಳಿಗೆ? ಇಲ್ಲೇ ಹುಟ್ಟಿದವರಿಗೆ?”

“ನಮ್ಮ ನಾದಿನಿಯರಾ? ಎಪ್ಪತ್ತಾದ್ರೂ ಜಿಗಿದಾಡ್ತಾರೆ.”

ಆಗ ಮೂಲೆಯಲ್ಲಿದ್ದ ಕಿರಿಸೊಸೆ “ಊಂ! ಊಂ!” ಎಂದು ಎದ್ದು ನಿಂತಳು. ಕಣ್ಣು ಅಗಲ, ಕೆನ್ನೆ ಉಬ್ಬು, ಬೆರಳುಗಳಲ್ಲಿ ಏನೋ ಎಣಿಕೆ. ಬಾಯಿ ತುಂಬಿದ್ದರಿಂದ ಮಾತು ಹೊರಡದು. ತಡೆಯಲಾರದೆ ಅಂಗೈಗೆ ಫೂ ಎಂದು ಮಣಿಗಳನ್ನೆಲ್ಲ ಉಗುಳಿದಳು.

“ಅತ್ತೆ! ನಿಮ್ಮತ್ತೆ ಬೇರೆ ಊರಿಂದ ಬಂದವರು. ದೊಡ್ಡಮ್ಮ ಬೇರೆ ಊರಿಂದ. ನೀವು, ಅಕ್ಕ, ಎಲ್ಲ ಹೊರಗಿಂದ ಬಂದವರು. ಈ ಮನೆ ರಕ್ತ ನಿಮ್ಮ ಯಾರ ಮೈಲೂ ಇಲ್ಲ! ರಕ್ತ ಇರೋರಿಗೆ ಬಂದಿಲ್ಲ, ಇಲ್ಲದೋರಿಗೇ ಬಂದಿದೆ. ಇದು ವಂಶದ ರೋಗ ಅಲ್ಲ ಅತ್ತೆ, ಸೊಸೆಯರ ರೋಗ!”

ದಾದಿಯ ಕಣ್ಣು ಕಿರಿಸೊಸೆಯ ಮುಖದ ಮೇಲಿರಲಿಲ್ಲ. ಚಾಚಿದ ಅಂಗೈಯ ಮೇಲಿತ್ತು. ಎಂಜಲಿನಲ್ಲಿ ಹೊಳೆಯುವ ಹತ್ತು ಬೂದು ಮಣಿ.

“ಅದೇನದು?”

“ಸೀಸ” ಎಂದಳು ಹಿರಿಸೊಸೆ. “ಬಲೆಗೆ ಕಟ್ಟೋದು. ಹಲ್ಲಲ್ಲಿ ಕಚ್ಚಿ ಕೂರಿಸ್ತೀವಿ.”

“ದಿನಾ?”

“ದಿನಾ. ನನಗೆ ಹದಿನೈದು ವರ್ಷ.”

“ಡಾಕ್ಟರಿಗೆ ಹೇಳಿದ್ಯಾ?”

“ಏನು ಕೆಲಸ ಅಂದ್ರು, ಬಲೆ ಹೆಣೀತೀನಿ ಅಂದೆ. ಬಾಯಲ್ಲಿ ಏನು ಕೆಲಸ ಅಂತ ಕೇಳಲಿಲ್ಲ, ನನಗೂ ಹೇಳಬೇಕು ಅನ್ನಿಸಲಿಲ್ಲ. ಉಸಿರಾಡ್ತೀನಿ ಅಂತ ಯಾರಾದ್ರೂ ಹೇಳ್ತಾರಾ?”

ದಾದಿ ಕಿರಿಸೊಸೆಯ ಕೈಯಿಂದ ಮಣಿಗಳನ್ನು ಡಬ್ಬಿಗೆ ಹಾಕಿಸಿ, ಬಾಯಿ ಮುಕ್ಕಳಿಸಲು, ಕೈ ತೊಳೆಯಲು ಕಳಿಸಿದಳು. “ಸೀಸ ನಿಧಾನದ ವಿಷ. ಚೂರುಚೂರೇ ಒಳಗೆ ಹೋಗಿ ರಕ್ತ, ನರ, ಮೂಳೆ ಸೇರುತ್ತೆ. ಹೊಟ್ಟೆ ಹಿಂಡುತ್ತೆ, ಕೀಲು ನೋಯಿಸುತ್ತೆ, ಮಣಿಕಟ್ಟು ಬೀಳಿಸುತ್ತೆ. ಆದ್ರೆ ಇದೇ ಕಾರಣ ಅಂತ ನಾನು ಈಗಲೇ ಹೇಳಲ್ಲ. ರಕ್ತ ಪರೀಕ್ಷೆ ಹೇಳಬೇಕು.”

ಅತ್ತೆ ಬೊಚ್ಚುಬಾಯಿ ತೆರೆದು ಕೂತಿದ್ದಳು. ಅವಳಿಗೊಂದು ಹಳೆಯ ಚಟಾಕಿಯಿತ್ತು. ಹಲ್ಲುಗಳೆಲ್ಲ ಉದುರಿದ ವರ್ಷ ಹೊಟ್ಟೆನೋವು ಮಾಯವಾಯಿತೆಂದು, “ನೋವಿಗೂ ಅಗಿದು ನುಂಗೋರು ಬೇಕು ನೋಡಿ, ಹಲ್ಲಿಲ್ಲದೋಳ ಹತ್ರ ಅದು ನಿಲ್ಲಲ್ಲ” ಎಂದು ಓಣಿಗೆಲ್ಲ ಹೇಳಿ ನಗಿಸುತ್ತಿದ್ದಳು. ಈಗ ಅದನ್ನೇ ಮೆಲ್ಲಗೆ, ಯಾರಿಗೂ ಅಲ್ಲದಂತೆ ಹೇಳಿಕೊಂಡಳು: “ಹಲ್ಲು ಹೋದ ಮೇಲೆ ನಾನು ಮಣಿ ಕಚ್ಚಲಿಲ್ಲ. ನೋವೂ ಬರಲಿಲ್ಲ.” ಆಮೇಲೆ ಹಿರಿಸೊಸೆಯ ಜೋಲುಗೈಯನ್ನು ತನ್ನ ಎರಡೂ ಕೈಗಳಲ್ಲಿ ಎತ್ತಿಕೊಂಡಳು. “ಕಚ್ಚೋದು ಕಲಿಸಿದ್ದು ನಾನೇ ಅಲ್ವೇನೇ? ಸೋಮಾರಿ ಅಂದೋಳೂ ನಾನೇ.”

“ಬಿಡಿ ಅತ್ತೆ. ನಿಮಗೆ ಕಲಿಸಿದವರೂ ಒಬ್ಬ ಸೊಸೆನೇ.”

ಮರುದಿನ ಬೆಳಗ್ಗೆ ಇಡೀ ಮನೆ ಆಸ್ಪತ್ರೆಗೆ ಹೊರಟಿತು. ದಾದಿಯ ಮಾತಿನಂತೆ ಹಿರಿಸೊಸೆ ಒಂದು ಹಾಳೆಯಲ್ಲಿ ಎಡಗೈಯಿಂದ ಸೊಟ್ಟಸೊಟ್ಟಗೆ ಬರೆದೊಯ್ದಳು: ನೋವು ಎಲ್ಲಿ, ಯಾವಾಗ ಹೆಚ್ಚು, ಯಾವಾಗ ಕಡಿಮೆ, ಯಾವ ಮಾತ್ರೆ ನುಂಗಿದ್ದು, ಕೆಲಸ ಏನು, ಅದನ್ನು ಮಾಡುವುದು ಹೇಗೆ. ಡಾಕ್ಟರು ಹಾಳೆಯನ್ನು ಎರಡು ಸಲ ಓದಿ, “ಅಮ್ಮ, ನಿಮ್ಮ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ” ಎಂದರು. ಸಕ್ಕರೆ, ಥೈರಾಯ್ಡ್, ವಿಟಮಿನ್ ಎಲ್ಲವನ್ನೂ ನೋಡಿದರು. ಸೀಸದ ಪರೀಕ್ಷೆಗಾಗಿ ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು: ಅವಳ ರಕ್ತದಲ್ಲಿ ಸೀಸ ಮಿತಿಮೀರಿತ್ತು. ಕಿರಿಸೊಸೆಯದು ಇನ್ನೂ ಅಲ್ಪ. ಕಚ್ಚುವುದನ್ನು ನಿಲ್ಲಿಸಿ, ಮತ್ತೆ ಪರೀಕ್ಷಿಸಿಕೊಂಡರೆ ಸಾಕಾಯಿತು.

ಹಿರಿಸೊಸೆಗೆ ಸೀಸ ಕಳೆಯುವ ಔಷಧಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಕೊಟ್ಟರು. ಮಣಿಕಟ್ಟಿಗೆ ಪಟ್ಟಿ ಕಟ್ಟಿ ವ್ಯಾಯಾಮ ಕಲಿಸಿದರು. ಹೊಟ್ಟೆಯ ಹಿಂಡಾಟ ಕೆಲವು ವಾರಗಳಲ್ಲೇ ಹೋಯಿತು. ಕೈ ಮಾತ್ರ ಹಟಮಾರಿ. ಒಂದು ತಿಂಗಳು, ಎರಡು, ಮೂರು. ಅತ್ತೆ ದಿನವೂ ಎದುರು ಕೂತು, “ಎಲ್ಲಿ, ಗಾಡಿ ನಿಲ್ಲಿಸು” ಎನ್ನುವಳು. ಗಾಡಿ ನಿಲ್ಲದು. ಐದನೆಯ ತಿಂಗಳ ಒಂದು ಬೆಳಗ್ಗೆ ಹಿರಿಸೊಸೆ ಕೈ ಚಾಚಿದಳು. ಮಣಿಕಟ್ಟು ನಡುಗುತ್ತ ನಡುಗುತ್ತ ಎದ್ದು ನಿಂತಿತು. ಅದೇ ಗಳಿಗೆಗೆ ಓಣಿಯ ತಿರುವಿನಲ್ಲಿ ದಾದಿಯ ಸೈಕಲ್ ಕಿರಗುಟ್ಟಿತು. “ನಿಲ್ಲಿಸೇ! ಅವಳನ್ನೇ ನಿಲ್ಲಿಸು!” ಎಂದು ಅತ್ತೆ ಕೂಗಿದಳು. ಹಿರಿಸೊಸೆ ಬೀದಿಗಿಳಿದು ಕೈ ಅಡ್ಡ ಹಿಡಿದಳು. ದಾದಿ ಬ್ರೇಕು ಅದುಮಿದ ರಭಸಕ್ಕೆ ಲಸಿಕೆಯ ಚೀಟಿಗಳೆಲ್ಲ ಬೀದಿಪಾಲಾದವು. ಆಯ್ದುಕೊಳ್ಳುತ್ತ ಇಬ್ಬರೂ ನಕ್ಕ ನಗೆ ನೀರಿನ ಆಚೆ ದಡಕ್ಕೂ ಕೇಳಿತೆಂದು ಹೇಳುವವರಿದ್ದಾರೆ.

ಈಗ ಆ ಮನೆಯ ಮೂರೂ ಮಣೆಗಳ ಪಕ್ಕದಲ್ಲಿ ಒಂದೊಂದು ಇಕ್ಕಳ ತೂಗುತ್ತದೆ. ಮಣಿ ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ. ಕೆಲಸದ ಬಟ್ಟೆ ಒಳಮನೆಗೆ ಬರುವಂತಿಲ್ಲ. ಸೀಸದ ಡಬ್ಬಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿದೆ. ಅದು ಖಾಲಿಯಾದ ಮೇಲೆ ಸೀಸವಿಲ್ಲದ ಭಾರ ತರುವುದೆಂದು ತೀರ್ಮಾನವಾಗಿದೆ. ಬಾಯಿ ಬಿಡುವಾದ ಇಬ್ಬರು ಸೊಸೆಯರು ಬೆಳಗಿನಿಂದ ಬೈಗಿನವರೆಗೆ ಮಾತಾಡುತ್ತಾರೆ. “ಅಯ್ಯೋ, ನಿಮ್ಮ ಬಾಯಿಗಿಷ್ಟು ಸೀಸ ತುಂಬ...” ಎಂದು ಒಂದು ದಿನ ಅತ್ತೆ ಶುರುಮಾಡಿ, ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ಅಂದು ಚಪ್ಪರದ ಕೆಳಗೆ ಗಂಟಿಗಿಂತ ನಗೆಯೇ ಹೆಚ್ಚು ಬಿತ್ತು.

ಕೇಳಿದಿರಲ್ಲ ಅಕ್ಕಂದಿರೇ, ಅಣ್ಣಂದಿರೇ? ನಿಮ್ಮ ನೋವಿಗೂ ಸೀಸವೇ ಕಾರಣ ಎಂದು ಈ ಕಥೆ ಹೇಳುತ್ತಿಲ್ಲ. ನಿಮ್ಮದು ಬೇರೆ ಬಾಗಿಲಿನಿಂದ ಬಂದಿರಬಹುದು. ಆ ಬಾಗಿಲು ಯಾವುದೆಂದು ಹುಡುಕಿಸಿಕೊಳ್ಳಿ. ತಿಂಗಳುಗಟ್ಟಲೆ ಬಿಡದ ನೋವು, ಜೋಮು, ಉರಿ, ಸೋಲುವ ಕೈಕಾಲು ಇದ್ದರೆ ಬರೀ ಮಾತ್ರೆ ನುಂಗಿ ಅದರ ಬಾಯಿ ಮುಚ್ಚಿಸಬೇಡಿ. ಬರೆದುಕೊಳ್ಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ, ನೀವು ಮಾಡುವ ಕೆಲಸವನ್ನೂ ಅದನ್ನು ಮಾಡುವ ರೀತಿಯನ್ನೂ ನಾಚದೆ ಹೇಳಿ. ಒಂದು ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಮುಂದೇನೆಂದು ಕೇಳಿ. ನಿಮ್ಮ ಮನೆಯಲ್ಲಿ ಯಾರಾದರೂ “ನೋಯುತ್ತಿದೆ” ಎಂದರೆ, ಸೋಗು ಎನ್ನುವ ಮೊದಲು ಒಮ್ಮೆ ಅವರ ಕೈಯನ್ನು ನಿಮ್ಮ ಕೈಯಲ್ಲಿ ಎತ್ತಿ ನೋಡಿ.